ಸ್ಪ್ಯಾನಿಷ್ ಆ್ಯಪ್‌ಗೆ ವರ್ಷದ ಚಂದಾ ಕಟ್ಟಿದ ಮೇಲೆ: ಲೋ, ಲೇ ಪಾಠ ಹೇಗಿದೆ?

ಇಂಥ ಆ್ಯಪ್‌ಗಳೆಲ್ಲ ಹೆಚ್ಚುಕಮ್ಮಿ ಒಂದೇ ಥರ, ಹಾಗಾಗಿ ಹೆಸರು ಬೇಡ. ಬದಿಯಡ್ಕದಲ್ಲಿ ಕೂತು ಸ್ಪ್ಯಾನಿಷ್ ಯಾಕೆ ಅಂತಲೂ ಕೇಳಬೇಡಿ. ವಿಶ್ವಕಪ್ ಬಂತೆಂದರೆ ನಮ್ಮ ಕಾಸರಗೋಡಿನಲ್ಲಿ ಎಲ್ಲಿ ನೋಡಿದರೂ ಅರ್ಜೆಂಟೀನಾ ಫ್ಲೆಕ್ಸ್. ಮೆಸ್ಸಿ ಮಾತಾಡಿದ್ದು ಸಬ್‌ಟೈಟಲ್ ಇಲ್ಲದೆ ಅರ್ಥ ಆಗಬೇಕಿತ್ತು, ಅಷ್ಟೇ.

ಶಬ್ದ, ಉಚ್ಚಾರಣೆ ಎಲ್ಲ ಚೆನ್ನಾಗಿಯೇ ಕಲಿಸುತ್ತದೆ. ತೊಡಕು ಶುರುವಾಗುವುದು ಲೋ (ಅವನನ್ನು, ಅದನ್ನು), ಲಾ (ಅವಳನ್ನು), ಲೇ (ಅವನಿಗೆ, ಅವಳಿಗೆ) ಅನ್ನುವ ಸರ್ವನಾಮಗಳು ಬಂದಾಗ. ವಿವರಣೆ ಇಂಗ್ಲಿಷ್‌ನಲ್ಲಿ ಮಾತ್ರ ಇದೆ. ಇಂಗ್ಲಿಷ್‌ನ ‘ಹಿಮ್’ ಅವನನ್ನು ಅಂತಲೂ ಆಗುತ್ತದೆ, ಅವನಿಗೆ ಅಂತಲೂ ಆಗುತ್ತದೆ. ಸ್ಪ್ಯಾನಿಷ್ ಇವೆರಡನ್ನು ಬೇರೆಬೇರೆ ಇಡುತ್ತದೆ. ಅದನ್ನು ಬಿಡಿಸಿ ಹೇಳಲು ಆ್ಯಪ್ ಪಾಠದ ಮೇಲೆ ಪಾಠ ಕೊಡುತ್ತದೆ. ಕನ್ನಡ ಶಾಲೆಯಲ್ಲಿ ವಿಭಕ್ತಿ ಪ್ರತ್ಯಯ ಬಾಯಿಪಾಠ ಮಾಡಿದವರು ಅವನ್ನು ಸುಮ್ನೆ ದಾಟಿಹೋಗಬಹುದು. ‘ಅನ್ನು’ ಇದ್ದಲ್ಲಿ ಲೋ ಅಥವಾ ಲಾ, ‘ಗೆ’ ಇದ್ದಲ್ಲಿ ಲೇ. ‘ಮೆ ಗುಸ್ತಾ ಎಲ್ ಕಫೆ’ ಅಂದರೆ ‘ನನಗೆ ಕಾಫಿ ಇಷ್ಟ’. ಇಂಗ್ಲಿಷಿನವರು ಒದ್ದಾಡುವ ಈ ವಾಕ್ಯ ನಮಗೆ ಮನೆಮಾತು.

ಹಾಗಂತ ಈ ಉಪಾಯ ಎಲ್ಲ ಕಡೆ ನಡೆಯುವುದಿಲ್ಲ. ನಾವು ‘ಅವಳಿಗೆ’ ಫೋನ್ ಮಾಡುತ್ತೇವೆ, ಸ್ಪ್ಯಾನಿಷ್‌ನಲ್ಲಿ ಅದು ‘ಲಾ ಯಾಮೆ’. ನಾವು ‘ಅವನನ್ನು’ ಕೇಳುತ್ತೇವೆ, ಅಲ್ಲಿ ‘ಲೇ ಪ್ರೆಗುಂತೆ’. ಪೂರ್ತಿ ಉಲ್ಟಾ! ಇಂಥ ಕ್ರಿಯಾಪದಗಳ ಪಟ್ಟಿ ಆ್ಯಪ್‌ನಲ್ಲಿ ಎಲ್ಲೂ ಇಲ್ಲ. ನೋಟ್‌ಬುಕ್‌ನಲ್ಲಿ ನೀವೇ ಬರೆದಿಟ್ಟುಕೊಳ್ಳಬೇಕು.

ದುಡ್ಡಿಗೆ ಮೋಸ ಇಲ್ಲ ಅನಿಸಿದ್ದು ಅಭ್ಯಾಸದ ಭಾಗದಲ್ಲಿ. ಮೊದಲು ‘ಪುಸ್ತಕವನ್ನು ಅವನಿಗೆ ಕೊಟ್ಟೆ’ ಅಂತ ಪೂರ್ತಿ ವಾಕ್ಯ ಬರುತ್ತದೆ. ಆಮೇಲೆ ಎರಡಕ್ಕೂ ಸರ್ವನಾಮ ಹಾಕಬೇಕು. ಲೇ ಮತ್ತು ಲೋ ಜೊತೆಗೆ ನಿಲ್ಲುವಂತಿಲ್ಲ, ಲೇ ಹೋಗಿ ಸೇ ಆಗುತ್ತದೆ: ‘ಸೇ ಲೋ ದಿ’. ಈ ಸೇ ಅವನಿಗೋ, ಅವಳಿಗೋ, ಅವರಿಗೋ? ಗೊಂದಲ ಆದರೆ ಕೊನೆಗೆ ‘ಆ ಎಯಾ’ ಅಂತ ಸೇರಿಸಿ ‘ಅವಳಿಗೆ’ ಅಂತ ಖಚಿತ ಮಾಡಬೇಕು. ಇನ್ನು ‘ಅದನ್ನು ನನಗೆ ಕೊಡು’ ಅಂದರೆ ‘ದಾಮೆಲೋ’, ಎಲ್ಲ ಕ್ರಿಯಾಪದದ ಬಾಲಕ್ಕೆ. ಬೇಡ ಅಂದ ಕೂಡಲೇ ‘ನೋ ಮೆ ಲೋ ದೆಸ್’, ಬಾಲ ಮುಂದಕ್ಕೆ ಬಂತು. ಟೈಮರ್ ಇಟ್ಟು ಇದನ್ನೇ ಮತ್ತೆ ಮತ್ತೆ ಬಾಯಲ್ಲಿ ಹೇಳಿಸುತ್ತದೆ. ಪುಸ್ತಕದಿಂದ ಇದು ಆಗುವ ಕೆಲಸ ಅಲ್ಲ.

ಸಿಟ್ಟು ಬರಿಸುವುದೂ ಇದೆ. ‘ಅದನ್ನು ಕೊಳ್ಳುತ್ತೇನೆ’ ಅನ್ನಲು ‘ಲೋ ವೊಯ್ ಆ ಕೊಂಪ್ರಾರ್’, ‘ವೊಯ್ ಆ ಕೊಂಪ್ರಾರ್ಲೋ’ ಎರಡೂ ಸರಿ. ಆ್ಯಪ್ ಒಂದಕ್ಕೆ ಮಾತ್ರ ಹಸಿರು ಗುರುತು ಕೊಡುತ್ತದೆ. ದೂರು ಕಳಿಸಿದರೆ ಧನ್ಯವಾದ ಬರುತ್ತದೆ, ತಿದ್ದುಪಡಿ ಬರುವುದಿಲ್ಲ. ಅರ್ಜೆಂಟೀನಾದವರ ಮಾತಂತೂ ಇದರಲ್ಲಿ ಇಲ್ಲವೇ ಇಲ್ಲ. ‘ನನಗೆ ಹೇಳು’ ಅನ್ನಲು ಆ್ಯಪ್ ‘ದಿಮೆ’ ಕಲಿಸುತ್ತದೆ, ಅವರು ಅನ್ನುವುದು ‘ದೆಸಿಮೆ’. ನಾನು ದುಡ್ಡು ಕೊಟ್ಟದ್ದೇ ಅದಕ್ಕೆ, ಅಲ್ವಾ?

ಐದರಲ್ಲಿ ಮೂರು ನಕ್ಷತ್ರ. ಅಭ್ಯಾಸದ ಭಾಗ ಬಿಡಿಯಾಗಿ ಸಿಗುವುದಿಲ್ಲ, ಆದ್ದರಿಂದ ತಿಂಗಳ ಚಂದಾ ಕಟ್ಟಿ ಅದನ್ನಷ್ಟೇ ಮುಗಿಸಿ. ವರ್ಷದ್ದು ಬೇಡ.