ರಾತ್ರಿ ಹೊತ್ತು ಎಮರ್ಜೆನ್ಸಿಯಲ್ಲಿ ಸರ್ಕಾರದ ಚಿಕಿತ್ಸಾ ಯೋಜನೆಯಾದ ಆರೋಗ್ಯ ಕರ್ನಾಟಕದ ಕಾರ್ಡ್ ನಡೆಯುತ್ತಾ?

ನಡೆಯುತ್ತದೆ. ಆದರೆ ಯಾವ ಆಸ್ಪತ್ರೆಯಲ್ಲಿ ಅನ್ನೋದನ್ನು ಎದೆನೋವು ಶುರುವಾದ ಮೇಲೆ ಹುಡುಕೋಕಾಗಲ್ಲ.

ನಾವು ನಂಜನಗೂಡಿನವರು, ಬಿಪಿಎಲ್ ಕಾರ್ಡಿದೆ. ರಾತ್ರಿ ಊಟ ಆದ ಮೇಲೆ ನಮ್ಮತ್ತೆಗೆ ಎದೆ ಹಿಂಡಿದ ಹಾಗಾಗಿ ಮೈಯೆಲ್ಲಾ ಬೆವರಿತು. ಪಕ್ಕದ ಮನೆಯವರ ಕಾರಿನಲ್ಲಿ ಮೈಸೂರಿನ ಒಂದು ಖಾಸಗಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಕ್ಯಾಶುವಾಲ್ಟಿಯಲ್ಲಿದ್ದ ಡಾಕ್ಟರಮ್ಮ ಕಾರ್ಡಿನ ಮಾತೇ ಎತ್ತಲಿಲ್ಲ. ಅತ್ತೆಯ ಬಳೆ ಬಿಚ್ಚಿಸಿ ಇಸಿಜಿ ತೆಗೆದರು, ಮಾತ್ರೆ ಚೀಪೋಕೆ ಕೊಟ್ಟರು, ಆಮೇಲೆ ನಮ್ಮ ಕಡೆ ತಿರುಗಿ ಹಾರ್ಟ್ ಅಟ್ಯಾಕ್ ಅಂದರು. ಅವರಿಗೆ ಎಷ್ಟು ಕೈಮುಗಿದರೂ ಸಾಲದು.

ತೊಂದರೆ ಆಗಿದ್ದು ಬಿಲ್ಲಿಂಗ್ ಕೌಂಟರ್‌ನಲ್ಲಿ. "ಸರ್ಕಾರಿ ದೊಡ್ಡಾಸ್ಪತ್ರೆಯಿಂದ ರೆಫರಲ್ ಲೆಟರ್ ತನ್ನಿ, ಇಲ್ಲಾಂದ್ರೆ ಅಡ್ವಾನ್ಸ್ ಕಟ್ಟಿ" ಅಂದರು. ನಮ್ಮ ಯಜಮಾನರು ಒಡವೆ ಅಡ ಇಡೋ ಯೋಚನೆಗೆ ಬಂದಿದ್ದರು. ನಾನು ಆರೋಗ್ಯಮಿತ್ರರನ್ನು ಕರೆಸಿ ಅಂತ ಹಟ ಹಿಡಿದೆ. ಯೋಜನೆಯ ಆಸ್ಪತ್ರೆಗಳಲ್ಲಿ ಕಾರ್ಡಿನವರಿಗೆ ನೆರವಾಗೋಕೆಂದೇ ಇರುವವರು ಅವರು. ಬಂದವರೇ ರೇಷನ್ ಕಾರ್ಡು, ಆಧಾರ್ ನೋಡಿ, "ಇದು ಎಮರ್ಜೆನ್ಸಿ ಪಟ್ಟಿಯಲ್ಲಿದೆ, ಲೆಟರ್ ಬೇಡಮ್ಮ" ಅಂದರು. ಅಲ್ಲಿಂದ ಮುಂದೆ ಯಾರೂ ದುಡ್ಡು ಕೇಳಲಿಲ್ಲ. ಸ್ಟೆಂಟ್ ಹಾಕಿದರು, ಅತ್ತೆ ಈಗ ಓಡಾಡಿಕೊಂಡಿದ್ದಾರೆ.

2018ರಲ್ಲಿ ಶುರುವಾದ ಯೋಜನೆ ಇದು. ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಎಪಿಎಲ್‌ನವರಿಗೆ ಆ ಚಿಕಿತ್ಸೆಗೆ ಸರ್ಕಾರ ನಿಗದಿ ಮಾಡಿದ ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದೊಳಗೆ. ಮಿಕ್ಕ ದೊಡ್ಡ ಚಿಕಿತ್ಸೆಗಳಿಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಪಟ್ಟಿಯಲ್ಲಿರುವ ಎಮರ್ಜೆನ್ಸಿಗೆ ಬೇಡ. ಕೌಂಟರ್‌ನಲ್ಲಿ ಕೂರುವವರಿಗೇ ಇದು ಗೊತ್ತಿಲ್ಲ ಅಂದರೆ ಹೊಟ್ಟೆ ಉರಿಯುತ್ತೆ.

ಇನ್ನೊಂದು, ಬಾಗಿಲಲ್ಲಿ ಬೋರ್ಡ್ ಇದೆ ಅಂತ ಸುಮ್ನೆ ನಂಬಬೇಡಿ. ಕೆಲವು ಆಸ್ಪತ್ರೆಗಳಲ್ಲಿ ಮೂಳೆ ವಿಭಾಗಕ್ಕೆ ಯೋಜನೆ ಇರುತ್ತದೆ, ಹೃದಯಕ್ಕೆ ಇರಲ್ಲ. ಹಗಲು ಹೊತ್ತು ಒಂದು ಸಲ ಹೋಗಿ, ಯಾವ ವಿಭಾಗಕ್ಕೆ ಇದೆ, ರಾತ್ರಿ ಆ ಡಾಕ್ಟರ್ ಸಿಗುತ್ತಾರಾ, ಆರೋಗ್ಯಮಿತ್ರರ ನಂಬರ್ ಏನು ಅಂತ ಕೇಳಿಕೊಂಡು ಬನ್ನಿ. ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿದರೂ ಮಾಹಿತಿ ಕೊಡುತ್ತಾರೆ. ಸಿಟಿಯಿಂದ ದೂರ ಇರುವವರು ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಅನ್ನೋ ಸರ್ಕಾರಿ ಯೋಜನೆ ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿದೆಯಾ ವಿಚಾರಿಸಿ. ರಕ್ತದ ಗಡ್ಡೆ ಕರಗಿಸುವ ದುಬಾರಿ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡುತ್ತಾರೆ. ಹಾರ್ಟ್ ಅಟ್ಯಾಕ್‌ನಲ್ಲಿ ದಾರಿಯಲ್ಲಿ ಕಳೆಯೋ ಹೊತ್ತೇ ಜಾಸ್ತಿ ಅಪಾಯ ಅಲ್ವಾ?

ಯೋಜನೆಗೆ ನನ್ನ ಕಡೆಯಿಂದ ಐದಕ್ಕೆ ನಾಲ್ಕು. ಕ್ಯಾಶುವಾಲ್ಟಿ ಡಾಕ್ಟರಿಗೆ, ಆರೋಗ್ಯಮಿತ್ರರಿಗೆ ಐದಕ್ಕೆ ಐದು. ಎಮರ್ಜೆನ್ಸಿಗೆ ರೆಫರಲ್ ಬೇಡ ಅಂತ ಪ್ರತಿ ಕೌಂಟರ್ ಮೇಲೂ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆಸಿದರೆ ಆ ಇನ್ನೊಂದನ್ನೂ ಸಂತೋಷದಿಂದ ಕೊಡುತ್ತೇನೆ.