ಪ್ಲಾಂಟ್‌ನೆಟ್ ಆ್ಯಪ್: ಹೂವಿದ್ದರೆ ಜಾಣ, ಚಿಗುರಿದ್ದರೆ ತಡವರಿಕೆ

ಕಾಡುಸೊಪ್ಪು ಕೊಯ್ಯುವವರಿಗೆ ಗಿಡದ ಗುರುತು ಬೇಕಾಗುವುದು ಮುಂಗಾರಿನ ಮೊದಲ ವಾರಗಳಲ್ಲಿ, ಚಿಗುರು ಎಳೆಯದಾಗಿರುವಾಗ. ಫೋಟೋ ನೋಡಿ ಗಿಡದ ಹೆಸರು ಸೂಚಿಸುವ ಪ್ಲಾಂಟ್‌ನೆಟ್‌ಗೆ ಗುರುತು ಸಲೀಸಾಗುವುದು ಗಿಡ ಹೂಬಿಟ್ಟ ಮೇಲೆ. ಹೂಬಿಟ್ಟ ಸೊಪ್ಪನ್ನು ಪಲ್ಯಕ್ಕೆ ಯಾರು ಕೊಯ್ಯುತ್ತಾರೆ? ಮಲೆನಾಡು, ಕರಾವಳಿಯಲ್ಲಿ ಈ ಆ್ಯಪ್ ಬಳಸುವವರು ಮೊದಲು ಗಮನಿಸಬೇಕಾದ ತೊಡಕು ಇದು.

ಫ್ರಾನ್ಸಿನ ಸಂಶೋಧನಾ ಸಂಸ್ಥೆಗಳು 2009ರಲ್ಲಿ ಶುರುಮಾಡಿದ ಯೋಜನೆಯಿದು. ಮೊಬೈಲಿಗೆ ಬಂದದ್ದು 2013ರಲ್ಲಿ. ದುಡ್ಡು ಕೊಡಬೇಕಿಲ್ಲ. ಫೋಟೋ ಹಾಕಿ ಅದು ಎಲೆಯೋ ಹೂವೋ ಕಾಯಿಯೋ ತೊಗಟೆಯೋ ಎಂದು ತಿಳಿಸಿದರೆ, ಹೋಲುವ ಗಿಡಗಳ ಪಟ್ಟಿಯನ್ನು ಶೇಕಡಾ ಅಂಕದೊಂದಿಗೆ ಮುಂದಿಡುತ್ತದೆ. ಎಡವಟ್ಟಾಗುವುದು ಆ ಅಂಕ ಓದುವಾಗ. ಫೋಟೋ ಎಷ್ಟು ಹೋಲುತ್ತದೆ ಎಂಬುದಷ್ಟೇ ಅದರ ಅರ್ಥ, ತಿನ್ನಬಹುದೆಂಬ ಅಪ್ಪಣೆಯಲ್ಲ. ಮೊದಲ ಎರಡು ಹೆಸರುಗಳ ಅಂಕ ಹತ್ತಿರ ಹತ್ತಿರವಿದ್ದರೆ ಎರಡನ್ನೂ ನಂಬದೆ, ಯಾವ ಜಾತಿಯ ಬಳಗ ಎಂಬಷ್ಟಕ್ಕೇ ನಿಲ್ಲುವುದು ಕ್ಷೇಮ.

ಚಗಟೆಯನ್ನೇ ನೋಡಿ. ತುಳುವಿನಲ್ಲಿ ತಜಂಕ್, ಶಾಸ್ತ್ರೀಯವಾಗಿ ಸೆನ್ನಾ ಟೋರಾ. ಇದರ ಹತ್ತಿರದ ನೆಂಟ ಸೆನ್ನಾ ಆಕ್ಸಿಡೆಂಟಾಲಿಸ್, ಸಂಸ್ಕೃತದ ಕಾಸಮರ್ದ. ಅದರ ಬೀಜ ತಿಂದ ಮಕ್ಕಳಲ್ಲಿ ಯಕೃತ್ತು, ಸ್ನಾಯು, ಮಿದುಳಿಗೆ ಒಟ್ಟಿಗೇ ಪೆಟ್ಟಾಗಿ ಸಾವು ಸಂಭವಿಸಿದ್ದು ಉತ್ತರ ಪ್ರದೇಶದಿಂದ ವರದಿಯಾಗಿದೆ. ಎರಡರದ್ದೂ ಹಳದಿ ಹೂವು, ಎರಡೂ ರಸ್ತೆ ಬದಿಯ ಗಿಡ. ಬಿಡಿಸಿ ನೋಡುವುದು ಹೀಗೆ: ಚಗಟೆಯ ಎಲೆಯಲ್ಲಿ ಸಾಮಾನ್ಯವಾಗಿ 3 ಜೊತೆ ಕಿರುಎಲೆ, ತುದಿ ದುಂಡಗೆ, ಕೆಳಗಿನ ಜೊತೆಗಳ ನಡುವೆ ಕಡ್ಡಿಯಂಥ ಪುಟ್ಟ ಗ್ರಂಥಿ. ಕಾಸಮರ್ದದಲ್ಲಿ 4–5 ಜೊತೆ, ತುದಿ ಚೂಪು, ತೊಟ್ಟಿನ ಬುಡದಲ್ಲೇ ಒಂದು ಕಪ್ಪು ಗ್ರಂಥಿ. ದೂರದಿಂದ ತೆಗೆದ ಫೋಟೋದಲ್ಲಿ ಈ ಗ್ರಂಥಿ ಕಾಣುವುದೇ ಇಲ್ಲ. ಎಲೆಯ ಬುಡವನ್ನು ತೀರಾ ಹತ್ತಿರದಿಂದ, ನೆರಳಿನಲ್ಲಿ, ಹಿಂದೆ ಕೈ ಅಡ್ಡವಿಟ್ಟು ತೆಗೆಯಬೇಕು. ಸಂಜೆ ತೆಗೆದರೆ ದಂಡ. ಬೆಳಕು ಇಳಿದಂತೆ ಚಗಟೆ ಎಲೆ ಮಡಚಿಕೊಳ್ಳುತ್ತದೆ. ಎರಡೆಲೆ ಬಿಟ್ಟ ಸಸಿಯನ್ನೂ ಗುರುತಿಸುವ ಅಜ್ಜಿಯಂದಿರು ಎಲೆ ಹಿಸುಕಿ ಮೂಸುತ್ತಾರೆ, ಹೋದ ವರ್ಷದ ಒಣಕೋಡು ಪಕ್ಕದಲ್ಲಿದೆಯೇ ಎಂದು ಹುಡುಕುತ್ತಾರೆ. ಕ್ಯಾಮೆರಾಕ್ಕೆ ಮೂಗಿಲ್ಲ.

ಒಂದೆಲಗದಲ್ಲಿ ತೊಂದರೆ ಕಮ್ಮಿ. ತೊಟ್ಟು ಎಲೆಯ ಅಂಚಿನ ಸೀಳಿಗೆ ಸೇರಿದ್ದರೆ ಒಂದೆಲಗ. ಕೊಡೆಯ ಕಡ್ಡಿಯಂತೆ ನಡುವಿಗೆ ಸೇರಿದ್ದರೆ ಕೊಳಕ್ಕೆಂದು ನರ್ಸರಿಯವರು ಮಾರುವ ಹೈಡ್ರೋಕೋಟೈಲ್. ಎಲೆಯ ಅಡಿಭಾಗದ ಫೋಟೋ ಒಂದಿದ್ದರೆ ಸಾಕು. ಹೆಸರಿನ ಗೊಂದಲ ಬೇರೆಯೇ: ಬ್ರಾಹ್ಮಿ ಎಂದರೆ ಕೆಲವರಿಗೆ ಒಂದೆಲಗ, ಕೆಲವರಿಗೆ ನೀರುಬ್ರಾಹ್ಮಿ. ಇಲ್ಲಿ ಆ್ಯಪ್ ಕೊಡುವ ಲ್ಯಾಟಿನ್ ಹೆಸರು ನಿಜಕ್ಕೂ ಉಪಕಾರಿ. ಒಂದು ಸೆಂಟೆಲ್ಲಾ, ಇನ್ನೊಂದು ಬಕೋಪಾ, ಜಗಳ ಮುಗಿಯಿತು.

ಪತ್ರೊಡೆಯ ಮರಕೆಸುವಿನ ಎಲೆಯನ್ನು ಕಿತ್ತು ಮೇಜಿನ ಮೇಲಿಟ್ಟು ಫೋಟೋ ತೆಗೆಯಬೇಡಿ. ಮರದ ಪಾಚಿಯಲ್ಲಿ ಬೇರೂರಿತ್ತು ಎಂಬ ದೊಡ್ಡ ಸುಳಿವು ಅಲ್ಲಿಗೆ ಹೋಯಿತು, ಉಳಿದದ್ದು ಇನ್ನೊಂದು ಕೆಸುವಿನ ಎಲೆ. ಕೊಕ್ಕೆಗಳಿರುವ ಪುಟ್ಟ ಮರಿಗೆಡ್ಡೆಗಳ ಕಡ್ಡಿ ಎದ್ದಿದ್ದರೆ ಅದನ್ನೂ ಸೇರಿಸಿ. ಹೆಸರು ಸಿಕ್ಕರೂ ತುರಿಕೆಯ ಮಾತು ಬಾಕಿ: ಸೂಜಿಯಂಥ ಆಕ್ಸಲೇಟ್ ಹರಳಿಗೆ ಹುಣಸೆಹುಳಿ ಹಾಕಿ ಚೆನ್ನಾಗಿ ಹಬೆಯಲ್ಲಿ ಬೇಯಿಸಬೇಕೆಂಬುದು ಅಡುಗೆಮನೆಯ ವಿದ್ಯೆ.

ಗೆಡ್ಡೆಗಳಿಗಂತೂ ಈ ಆ್ಯಪ್ ನೆಚ್ಚಲೇಬೇಡಿ. ಅಗ್ನಿಶಿಖೆ ಹೂವನ್ನು ಮಗುವೂ ಗುರುತಿಸೀತು. ಆದರೆ ಬಳ್ಳಿ ಒಣಗಿದ ಮೇಲೆ ಉಳಿಯುವ ಗೆಡ್ಡೆಯನ್ನು ಕಾಡುಗೆಣಸೆಂದು ಬಗೆದರೆ ಪ್ರಾಣಕ್ಕೇ ಸಂಚಕಾರ. ಅದರಲ್ಲಿರುವ ಕಾಲ್ಚಿಸಿನ್ ಎಂಬ ವಿಷ ಬೇಯಿಸಿದರೂ ಹೋಗುವುದಿಲ್ಲ. ಆ ಗೆಡ್ಡೆ ನೇಗಿಲಿನಂತೆ ಬಾಗಿರುವುದಕ್ಕೇ ಸಂಸ್ಕೃತದಲ್ಲಿ ಲಾಂಗಲಿ ಎಂದದ್ದು. ಹಸಿರಿರುವಾಗ ನೋಡಬೇಕಾದದ್ದು ಎಲೆಯ ತುದಿ: ಅಗ್ನಿಶಿಖೆಯಲ್ಲಿ ಅದು ಸುರುಳಿಯಾಗಿ ಆಸರೆ ಹಿಡಿಯುತ್ತದೆ, ಕಾಡುಗೆಣಸಿನಲ್ಲಿ ಕಾಂಡವೇ ಸುತ್ತಿಕೊಂಡು ಏರುತ್ತದೆ.

ಬಳಸುವ ಕ್ರಮ ಇಷ್ಟು. ಒಂದೇ ಗಿಡದ ನಾಲ್ಕು ಫೋಟೋ: ಇಡೀ ಗಿಡ ಅದರ ಜಾಗದೊಂದಿಗೆ, ಎಲೆಯ ಮೇಲ್ಭಾಗ, ಅಡಿಭಾಗ, ತೊಟ್ಟು ಕಾಂಡಕ್ಕೆ ಸೇರುವ ಕಡೆ. ಸಿಗ್ನಲ್ ಇಲ್ಲದಿದ್ದರೆ ಮನೆಗೆ ಬಂದ ಮೇಲೆ ಹಾಕಿದರಾಯಿತು. ಸಿಕ್ಕ ಲ್ಯಾಟಿನ್ ಹೆಸರನ್ನು ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ನಲ್ಲಿ ಹುಡುಕಿದರೆ ಹಲವು ಗಿಡಗಳಿಗೆ ಕನ್ನಡ ಹೆಸರೂ ಸಿಗುತ್ತದೆ. ಆ ಹೆಸರು ಹಿಡಿದು ಊರಿನ ತಿಳಿದವರ ಬಳಿ ಹೋಗಿ, ಗಿಡವನ್ನೇ ತೋರಿಸಿ, ಯಾವ ತಿಂಗಳು, ಯಾವ ಭಾಗ, ಎಷ್ಟು ಎಂದು ಕೇಳಿ. ಎರಡೂ ಕಡೆಯ ಉತ್ತರ ಹೊಂದದಿದ್ದರೆ ಆ ಸೊಪ್ಪನ್ನು ಬಿಟ್ಟುಬಿಡಿ, ಗಿಡವನ್ನು ಗುರುತು ಹಾಕಿಟ್ಟು ಹೂ ಬರುವ ತನಕ ಕಾಯಿರಿ.

ಅಪರೂಪದ ಔಷಧಿಗಿಡ ಸಿಕ್ಕಿ ಬೇರೆಯವರ ಅಭಿಪ್ರಾಯವೂ ಬೇಕಿದ್ದರೆ, ಹಾಕಿದ ಫೋಟೋ ನೋಡಿ ಇತರ ಬಳಕೆದಾರರು ಗುರುತು ಹೇಳುವ ಐನ್ಯಾಚುರಲಿಸ್ಟ್ ಆ್ಯಪ್ ಮೇಲು. ಅಲ್ಲಿ ಹಾಕುವ ಮುನ್ನ ಜಾಗದ ಮಾಹಿತಿಯನ್ನು ಮಸುಕುಗೊಳಿಸುವ ಆಯ್ಕೆ ಒತ್ತಿ. ಇಲ್ಲವಾದರೆ ಬೇರು ಕೀಳುವವರಿಗೆ ನೀವೇ ದಾರಿ ತೋರಿಸಿದಂತೆ.