ಗದ್ದಲದ ಪ್ರಯೋಗ: ದ್ವಿಗುಣ ಸೂತ್ರವೋ, ಲಾಜಿಸ್ಟಿಕ್ ಸೂತ್ರವೋ?

ಕೇಯಾಸ್‌ನ (ನಿಯಮ ಸರಳವಿದ್ದರೂ ಮುಂದೇನೆಂದು ಊಹಿಸಲಾಗದ ಅಸ್ತವ್ಯಸ್ತ ವರ್ತನೆಯ) ಮೇಲೆ ಸಣ್ಣ ಯಾದೃಚ್ಛಿಕ ಗದ್ದಲ, ಅಂದರೆ ಗೊತ್ತುಗುರಿಯಿಲ್ಲದ ಪುಟ್ಟ ಏರುಪೇರು, ಏನು ಮಾಡುತ್ತದೆಂದು ಕಂಪ್ಯೂಟರಿನಲ್ಲಿ ನೋಡಬಯಸುವವರ ಮುಂದೆ ಎರಡು ಸುಲಭ ಸೂತ್ರಗಳಿವೆ.

ದ್ವಿಗುಣ ಸೂತ್ರದಲ್ಲಿ ಪ್ರತಿ ಹೆಜ್ಜೆಗೂ ಸಂಖ್ಯೆಯನ್ನು ಇಮ್ಮಡಿಸಿ ಭಿನ್ನಭಾಗವನ್ನಷ್ಟೇ (ದಶಮಾಂಶ ಬಿಂದುವಿನ ನಂತರದ್ದನ್ನು) ಉಳಿಸಿಕೊಳ್ಳುತ್ತೇವೆ. ಗಣಿತದ ಪ್ರಕಾರ ಬೆಲೆಗಳು 0ಯಿಂದ 1ರವರೆಗೆ ಸಮನಾಗಿ ಹರಡಬೇಕು. ಗದ್ದಲ ಬೆರೆಸಿದರೂ ಆ ಹರಡಿಕೆ ಕದಲುವುದಿಲ್ಲ. ಆದರೆ ಗದ್ದಲವಿಲ್ಲದೆ 0.1ರಿಂದ ಹೊರಟರೆ, ಕಂಪ್ಯೂಟರಿನ ದ್ವಿಮಾನ ಅಂಕಿಗಳು ಒಂದೊಂದಾಗಿ ಉದುರಿ 60 ಹೆಜ್ಜೆಯೊಳಗೆ ಉತ್ತರ ಸೊನ್ನೆಗೆ ಬಂದು ನಿಂತುಬಿಡುತ್ತದೆ! ಇಲ್ಲಿ ಗದ್ದಲವೇ ಸರಿಯಾದ ಅಂಕಿಅಂಶವನ್ನು ಉಳಿಸಿಕೊಡುತ್ತದೆ.

ನನ್ನ ಒಲವು ಮಾತ್ರ ಲಾಜಿಸ್ಟಿಕ್ ಸೂತ್ರದ ಕಡೆಗೆ. x ಬದಲು r·x·(1−x) ಇಡುತ್ತಾ ಹೋಗಿ, r ಅನ್ನು 3.83 ಎಂದಿಟ್ಟುಕೊಳ್ಳಿ. ಗದ್ದಲವಿಲ್ಲದಿದ್ದರೆ ಬೆಲೆಗಳು ಸುಮಾರು 0.156, 0.505, 0.957 ಎಂಬ ಮೂರೇ ತಾಣಗಳಲ್ಲಿ ಸುತ್ತುತ್ತವೆ. ಪ್ರತಿ ಹೆಜ್ಜೆಗೂ 0.0001ರಷ್ಟು ಗದ್ದಲ ಸೇರಿಸಿದರೆ ಆ ಮೂರು ತಾಣಗಳು ತುಸು ದಪ್ಪವಾಗುತ್ತವೆ, ಅಷ್ಟೇ. 0.01ಕ್ಕೆ ಏರಿಸಿ ನೋಡಿ: ಬೆಲೆಗಳು ತಾಣ ಬಿಟ್ಟು ಎಲ್ಲೆಡೆ ಚೆಲ್ಲುತ್ತವೆ. ಅಡಗಿದ್ದ ಕೇಯಾಸ್ ಹೊರಬರುವ ಆ ಘಳಿಗೆ ನಿಜಕ್ಕೂ ಬೆರಗು ಹುಟ್ಟಿಸುತ್ತದೆ.

ಪ್ರಮೇಯ ಸಾಧಿಸಬೇಕಾದವರಿಗೆ ದ್ವಿಗುಣ ಸೂತ್ರವೇ ಹಿತ. ಲಾಜಿಸ್ಟಿಕ್ ಸೂತ್ರದಲ್ಲಿ r ಅನ್ನು 4 ಮಾಡುವವರು ಎಚ್ಚರದಿಂದಿರಿ: ಗದ್ದಲದಿಂದ ಬೆಲೆ 1ನ್ನು ದಾಟಿದರೆ ಲೆಕ್ಕ ಋಣ ಅನಂತದತ್ತ ಓಡುತ್ತದೆ.